ಅಕ್ಕನಿಗೊಂದು ಕಲ್ಲಿನ ಪದಕ: ತಂತಿ ಸುತ್ತಿ ಕೈಯಾರೆ ಮಾಡುವ ಬಗೆ

ಗೌರಿ ಹಬ್ಬಕ್ಕೆ ಅಕ್ಕತಂಗಿಯರಿಗೆ ತವರಿನ ದುಡ್ಡು ಕಳಿಸುವುದು ಈಗ ಫೋನಿನಲ್ಲೇ ಮುಗಿದುಹೋಗುವ ಕೆಲಸ. ದುಡ್ಡು ಹೋಗಲಿ, ಬೇಡ ಅನ್ನುವವರು ಯಾರು. ಅದರ ಜೊತೆಗೆ ಕೈಯಾರೆ ಮಾಡಿದ್ದೊಂದು ಹೋಗಲಿ ಅನ್ನಿಸಿದವರಿಗೆ ಈ ಬರಹ. ಒಂದು ಕಲ್ಲು, ಒಂದಷ್ಟು ತಂತಿ, ಮೂರು ಇಕ್ಕಳ ಇದ್ದರೆ ಊಟದ ಮೇಜಿನ ಮೇಲೆಯೇ ಕೂತು ಒಂದು ಪದಕ ಮಾಡಬಹುದು. ಬೆಸುಗೆ ಇಲ್ಲ, ಅಂಟು ಇಲ್ಲ. ಕಲ್ಲಿಗೆ ತೂತು ಕೊರೆಯುವುದೂ ಇಲ್ಲ. ಕಟಕ್‌ನ ತಾರಕಶಿ, ಕರೀಂನಗರದ ಬೆಳ್ಳಿ ತಂತಿ ಕೆಲಸ ನೋಡಿದವರು ಇದನ್ನೂ ಅದೇ ಅಂದುಕೊಳ್ಳುವುದುಂಟು. ಅದು ಬೇರೆ. ಅಲ್ಲಿ ಕೂದಲೆಳೆಯಂಥ ತಂತಿಗಳನ್ನು ಬೆಂಕಿಯಲ್ಲಿ ಬೆಸೆಯುತ್ತಾರೆ, ಅದು ವರ್ಷಗಟ್ಟಲೆ ಕಲಿಯುವ ಕಸುಬು. ಇಲ್ಲಿ ತಂತಿಯ ಬಿಗಿಯೊಂದೇ ಕಲ್ಲನ್ನು ಹಿಡಿದಿರುತ್ತದೆ.

ಶುರು ಮಾಡುವ ಮೊದಲೇ ಒಂದು ಮಾತು. ಇಂಥ ಪದಕವನ್ನು ಹಾಕಿಕೊಂಡವರು ಎರಡನೇ ದಿನಕ್ಕೇ ಬಿಚ್ಚಿಟ್ಟರೆ ಕಾರಣ ಬಹುತೇಕ ಒಂದೇ: ಎಲ್ಲೋ ಒಂದು ತಂತಿಯ ತುದಿ ಸೆರಗಿಗೆ ಸಿಕ್ಕಿಕೊಳ್ಳುತ್ತಿರುತ್ತದೆ, ಇಲ್ಲವೇ ಕತ್ತಿನ ಹಿಂದಿನ ಕೂದಲೆಳೆಯನ್ನು ಎಳೆಯುತ್ತಿರುತ್ತದೆ. ಇಂಟರ್ನೆಟ್ಟಿನ ಚಿತ್ರಗಳಲ್ಲಿ ಸುರುಳಿ, ಬಳ್ಳಿ, ಹೆಣಿಗೆ ಎಲ್ಲ ಕಾಣುತ್ತದೆ, ತುದಿ ಎಲ್ಲಿ ಹೋಯಿತು ಎಂಬುದು ಕಾಣುವುದಿಲ್ಲ. ತಂತಿ ಸುತ್ತುವುದೆಂದರೆ ಮುಕ್ಕಾಲು ಪಾಲು ತುದಿಗಳನ್ನು ಅಡಗಿಸುವ ಕೆಲಸವೇ. ಕೆಳಗೆ ಹೇಳುವ ವಿನ್ಯಾಸವನ್ನು ನಾನು ಆರಿಸಿಕೊಂಡಿದ್ದೂ ಅದಕ್ಕಾಗಿಯೇ. ನೋಡಲು ಸರಳ, ಆರು ತುದಿಗಳಿಗೂ ಒಂದೊಂದು ಜಾಗ ಗೊತ್ತಾಗಿದೆ.

ಮೊದಲು ಕೊರಳು, ಆಮೇಲೆ ಕಲ್ಲು

ಯಾರಿಗೆ ಕೊಡುತ್ತೀರೋ ಅವರು ದಿನಾ ಏನು ಹಾಕಿಕೊಳ್ಳುತ್ತಾರೆ ನೋಡಿ. ಅಕ್ಕ ಆಫೀಸಿಗೆ ಚೂಡಿದಾರ್ ಹಾಕಿ ಹೋಗುವವಳಾದರೆ 30 ಮಿ.ಮೀ. ಉದ್ದದ ಕಲ್ಲು ಒಪ್ಪುತ್ತದೆ. ಅಮ್ಮನ ಕೊರಳಲ್ಲಿ ಮಾಂಗಲ್ಯದ ಸರ, ಅದರ ಜೊತೆ ಇನ್ನೊಂದು ಎಳೆ ಇದ್ದೇ ಇರುತ್ತದೆ, ಅವರಿಗೆ ಚಿಕ್ಕ ಕಲ್ಲೇ ಮೇಲು. ಎಳೆ ಮಗು ಇರುವ ಮನೆಯಾದರೆ ಜೋತಾಡುವ, ಹಿಡಿದೆಳೆಯಲು ಸಿಗುವ ಯಾವುದೂ ಬೇಡ. ಇನ್ನೊಂದು ವಿಷಯ: ಅವರ ಸರದ ಹುಕ್ಕು ಎಷ್ಟು ದಪ್ಪ ಇದೆ ಎಂದು ಹೇಗಾದರೂ ತಿಳಿದುಕೊಳ್ಳಿ. ಪದಕದ ಕೊಂಡಿಯೊಳಗೆ ಸರ ಸಲೀಸಾಗಿ ತೂರುತ್ತದೆ, ಹುಕ್ಕು ತೂರುವುದಿಲ್ಲ. ಆಗ ಉಡುಗೊರೆ ಡಬ್ಬಿಯಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಕಲ್ಲು ಬರೀ ಕಲ್ಲಲ್ಲ, ಗ್ರಹವೂ ಹೌದು. ಮಾಣಿಕ್ಯ ಸೂರ್ಯನಿಗೆ, ಹವಳ ಕುಜನಿಗೆ, ನೀಲ ಶನಿಗೆ, ಗೋಮೇಧಿಕ ರಾಹುವಿಗೆ ಎಂಬ ಲೆಕ್ಕ ನಂಬುವ ಮನೆಗಳಲ್ಲಿ ನೀಲವನ್ನು ಜಾತಕ ತೋರಿಸದೆ ಯಾರೂ ಮುಟ್ಟುವುದಿಲ್ಲ. ನೇರಳೆ ಬಣ್ಣದ ಅಮೆಥಿಸ್ಟನ್ನು ಅದರ ಉಪರತ್ನ ಎನ್ನುವವರೂ ಇದ್ದಾರೆ. ನೀವು ನಂಬುತ್ತೀರೋ ಇಲ್ಲವೋ ಅದು ಬೇರೆ ಮಾತು, ಹಾಕಿಕೊಳ್ಳುವವರು ಅವರು. ಸುಮ್ಮನೆ ಒಂದು ಮಾತು ಕೇಳಿಬಿಡಿ, ಇಲ್ಲವೇ ನವರತ್ನದ ಗೊಡವೆಯೇ ಇಲ್ಲದ ಅಗೇಟ್ ಜಾತಿಯ ಕಲ್ಲು ತನ್ನಿ. ಹುಟ್ಟಿದ ತಿಂಗಳಿಗೊಂದು ಕಲ್ಲು ಎಂಬ ಪಟ್ಟಿ ನಿಮಗೆ ಸಿಗುತ್ತದೆ. ಈಗ ಚಾಲ್ತಿಯಲ್ಲಿರುವ ಆ ಪಟ್ಟಿಯನ್ನು 1912ರಲ್ಲಿ ಅಮೆರಿಕದ ಆಭರಣ ವ್ಯಾಪಾರಿಗಳ ಸಂಘ ಗೊತ್ತುಮಾಡಿತು. ಜಾತಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಎಂಥ ಕಲ್ಲು ತರಬೇಕು

ತಂತಿ ಸುತ್ತಲು ಕ್ಯಾಬೊಶಾನ್ ಎಂಬ ಆಕಾರ ಎಲ್ಲಕ್ಕಿಂತ ಅನುಕೂಲ: ತಳ ಚಪ್ಪಟೆ, ಮೇಲ್ಭಾಗ ಗುಮ್ಮಟದಂತೆ ನುಣುಪು. ಕಲ್ಲಿನ ಅಂಗಡಿಯಲ್ಲಿ ‘ಕ್ಯಾಬ್’ ಅಂದರೆ ಸಾಕು. ಮೊದಲ ಸಲಕ್ಕೆ 30×22 ಮಿ.ಮೀ. ಅಂಡಾಕಾರದ್ದು, ನಡುವಿನಲ್ಲಿ 5–6 ಮಿ.ಮೀ. ದಪ್ಪ ಇರುವುದು ತೆಗೆದುಕೊಳ್ಳಿ. ಇದಕ್ಕಿಂತ ಚಿಕ್ಕದಾದರೆ ಬೆರಳಿಗೆ ಸಿಗುವುದಿಲ್ಲ, ದೊಡ್ಡದಾದರೆ ಭಾರಕ್ಕೆ ತಂತಿ ಬಾಗುತ್ತದೆ. ಚೌಕ ಕಲ್ಲು ಬೇಡ, ಮೂಲೆಗಳಲ್ಲಿ ತಂತಿ ಎದ್ದು ನಿಲ್ಲುತ್ತದೆ. ಮುಖ ಮುಖ ಕತ್ತರಿಸಿದ ಚಿಕ್ಕ ಕಲ್ಲುಗಳಿಗೆ ಅಕ್ಕಸಾಲಿಗರು ಕೂರಿಸುವ ಕಟ್ಟೇ ಸರಿ, ಅವನ್ನು ತಂತಿಯಲ್ಲಿ ಹಿಡಿಯಲು ಹೋಗಬೇಡಿ.

ಗಡಸುತನ ನೋಡಿಕೊಳ್ಳಬೇಕು. ಮನೆಯ ದೂಳಿನಲ್ಲಿ ಸ್ಫಟಿಕದ ಕಣಗಳಿರುತ್ತವೆ, ಮೋಸ್ ಮಾಪನದಲ್ಲಿ ಅದರ ಗಡಸುತನ 7. ಅದಕ್ಕಿಂತ ತೀರಾ ಮೆತ್ತಗಿನ ಕಲ್ಲು ದಿನಬಳಕೆಯಲ್ಲಿ ಒರೆಸಿ ಒರೆಸಿಯೇ ಮಂಕಾಗುತ್ತದೆ. ಅಗೇಟ್, ಹಕೀಕ್ ಎಂದು ಕರೆಯುವ ಕೆಂಪು ಕಾರ್ನೀಲಿಯನ್, ಅಮೆಥಿಸ್ಟ್, ರೋಸ್ ಕ್ವಾರ್ಟ್ಜ್, ಗಾರ್ನೆಟ್ ಇವೆಲ್ಲ ಆರೂವರೆ ಏಳರ ಆಸುಪಾಸಿನವು. ಮುತ್ತು ಹವಳಗಳು ಎರಡೂವರೆಯಿಂದ ನಾಲ್ಕೂವರೆಯೊಳಗೇ, ಇಕ್ಕಳ ಸ್ವಲ್ಪ ಜಾರಿದರೂ ಗೀರು ಬೀಳುತ್ತದೆ. ಮೂನ್‌ಸ್ಟೋನ್ ಚೆಂದ, ಆದರೆ ಅದು ಪದರ ಪದರವಾಗಿ ಸೀಳುವ ಜಾತಿಯದು, ತಂತಿ ಬಿಗಿಯುವಾಗ ಅಂಚು ಹಾರಿಹೋಗಬಹುದು. ಅದನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಅಮೆಥಿಸ್ಟ್ ತಂದರೆ ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ವರ್ಷಗಳಲ್ಲಿ ಬಣ್ಣ ಬಿಡುತ್ತದೆ.

ನನ್ನ ಆಯ್ಕೆ ಕಾರ್ನೀಲಿಯನ್. ಗುಜರಾತಿನ ಖಂಭಾತ್‌ನಲ್ಲಿ ಈ ಕಲ್ಲನ್ನು ಕಾಯಿಸಿ ಕೆಂಪು ಬರಿಸಿ ಮಣಿ ಮಾಡುವ ಕಸುಬು ಇವತ್ತಿಗೂ ಇದೆ, ಸಿಂಧೂ ನಾಗರಿಕತೆಯ ಕಾಲದಲ್ಲೇ ಆ ಸೀಮೆಯ ಕೆಂಪು ಮಣಿಗಳು ಮೆಸೊಪೊಟೇಮಿಯಾದವರೆಗೆ ಹೋಗಿದ್ದವು. ಇದರ ಕೆಂಪು ನಮ್ಮ ಹೆಂಗಸರ ಮೈಬಣ್ಣಕ್ಕೆ, ತಾಮ್ರಕ್ಕೂ ಬೆಳ್ಳಿಗೂ ಒಪ್ಪುತ್ತದೆ. ಬೆಲೆಯೂ ಕೈಗೆಟುಕುತ್ತದೆ.

ಕೊಳ್ಳುವಾಗ ಎಚ್ಚರ ಬೇಕಾದ ಕೆಲವು: ಮಿರಿಮಿರಿ ಮಿನುಗುವ ಕಂದು ಗೋಲ್ಡ್‌ಸ್ಟೋನ್ ಗಣಿಯಿಂದ ಬಂದದ್ದಲ್ಲ, ತಾಮ್ರದ ಹರಳು ಸೇರಿಸಿ ಮಾಡಿದ ಗಾಜು. ಹಾಲುನೀಲಿ ಓಪಲೈಟ್ ಕೂಡ ಗಾಜೇ. ಕಣ್ಣು ಕುಕ್ಕುವ ಗುಲಾಬಿ, ಕಡುನೀಲಿ ಅಗೇಟ್ ಇದ್ದರೆ ಬಣ್ಣ ಹಾಕಿದ್ದು ಎಂದೇ ತಿಳಿಯಿರಿ. ಅಗ್ಗದ ಟರ್ಕಾಯ್ಸ್ ಅನೇಕ ಸಲ ಬಣ್ಣ ಕುಡಿಸಿದ ಹೌಲೈಟ್ ಎಂಬ ಬಿಳಿ ಕಲ್ಲಾಗಿರುತ್ತದೆ. ಉಗುರಿನ ಬಣ್ಣ ತೆಗೆಯುವ ಅಸಿಟೋನನ್ನು ಹತ್ತಿಗೆ ಅದ್ದಿ ಕಲ್ಲಿನ ಹಿಂಬದಿ ಉಜ್ಜಿದರೆ ಕಳಪೆ ಬಣ್ಣ ಹತ್ತಿಗೆ ಹತ್ತುತ್ತದೆ. ಗಾಜಿನಿಂದಲೂ ಚೆಂದದ ಪದಕ ಮಾಡಬಹುದು, ತಪ್ಪೇನಿಲ್ಲ, ಕಲ್ಲಿನ ದುಡ್ಡು ಕೊಡಬಾರದು ಅಷ್ಟೇ.

ಅಜ್ಜಿಯ ಹಳೇ ಒಡವೆಯಿಂದ ಬಿದ್ದ ಕೆಂಪು ಕಲ್ಲು ಡಬ್ಬಿಯಲ್ಲಿದೆ, ಅದನ್ನೇ ಹಾಕೋಣ ಅನ್ನಿಸಬಹುದು. ಅದಕ್ಕಿಂತ ಒಳ್ಳೆಯ ಯೋಚನೆ ಇಲ್ಲ. ಆದರೆ ಮೊದಲು ಕಲ್ಲಿನ ಬೆನ್ನು ನೋಡಿ. ಹಿಂದೆ ಹೊಳೆಯುವ ತಗಡಿನಂಥ ಹಾಳೆ ಅಂಟಿದ್ದರೆ ಆ ಹೊಳಪು ಅದರದೇ, ನೀರು ತಾಗಿದರೆ ಕಪ್ಪಾಗುತ್ತದೆ. ಅಂಥದ್ದನ್ನು ತೊಳೆಯಬೇಡಿ, ಹಿಂಬದಿ ತೆರೆದಿರುವ ತಂತಿಯ ಕಟ್ಟಿಗೂ ಅದು ಹೊಂದುವುದಿಲ್ಲ.

ತಂತಿಯ ಲೆಕ್ಕ

ಗೇಜ್ ಎಂಬ ಸಂಖ್ಯೆ ಏರಿದಷ್ಟೂ ತಂತಿ ತೆಳು. ತೊಡಕಿರುವುದು ಎರಡು ಅಳತೆಗಳಲ್ಲಿ. ವಿದೇಶಿ ವಿಡಿಯೊಗಳು ಹೇಳುವುದು ಅಮೆರಿಕದ ಗೇಜ್, ನಮ್ಮ ಮೋಟಾರ್ ವೈಂಡಿಂಗ್ ಅಂಗಡಿಗಳು ಕೊಡುವುದು ಎಸ್‌ಡಬ್ಲ್ಯುಜಿ ಎಂಬ ಬ್ರಿಟಿಷರ ಕಾಲದ ಗೇಜ್. 20 ಗೇಜ್ ಎಂದರೆ ಅವರಲ್ಲಿ 0.81 ಮಿ.ಮೀ., ನಮ್ಮಲ್ಲಿ 0.91. 28 ಎಂದರೆ ಅವರಲ್ಲಿ 0.32, ನಮ್ಮಲ್ಲಿ 0.38. ಹೀಗಾಗಿ ಅಂಗಡಿಯಲ್ಲಿ ಮಿ.ಮೀ. ಹೇಳಿಯೇ ಕೇಳಿ. ನಮಗೆ ಬೇಕಾದದ್ದು ಎರಡು ಬಗೆ: ಚೌಕಟ್ಟಿಗೆ 0.8 ಮಿ.ಮೀ., ಸುತ್ತಿ ಬಿಗಿಯಲು 0.3 ಮಿ.ಮೀ.

ಅಭ್ಯಾಸಕ್ಕೆ ತಾಮ್ರವೇ ಸರಿ. ಮನೆಯ ವೈರಿಂಗ್ ಮಾಡುವವರನ್ನು ಕೇಳಿದರೆ ಹಳೆಯ 3/22 ತಾಮ್ರದ ವೈರಿನ ತುಂಡು ಸಿಗುತ್ತದೆ. ಹೆಸರೇ ಹೇಳುವಂತೆ ಒಳಗೆ 22 ಗೇಜಿನ ಮೂರು ಎಳೆ, ಒಂದೊಂದೂ 0.71 ಮಿ.ಮೀ. ನಮ್ಮ ಚೌಕಟ್ಟಿಗೆ ಬೇಕಾದದ್ದೂ ಮೂರೇ ಎಳೆ! ಪ್ಲಾಸ್ಟಿಕ್ ಸುಲಿದು, ಹೊಸೆದದ್ದನ್ನು ಬಿಚ್ಚಿ, ನೇರ ಮಾಡಿಕೊಂಡರೆ ಅಭ್ಯಾಸಕ್ಕೆ ಬೇಕಾದಷ್ಟಾಯಿತು. ಪ್ಲಾಸ್ಟಿಕ್ಕನ್ನು ಸುಟ್ಟು ತೆಗೆಯಬೇಡಿ, ಹೊಗೆ ವಿಷ. ಮೋಟಾರ್ ವೈಂಡಿಂಗ್ ತಂತಿಯ ಮೇಲೆ ಎನಾಮೆಲ್ ಲೇಪ ಇರುತ್ತದೆ. ಅದು ಬೇಗ ಕಪ್ಪಾಗುವುದಿಲ್ಲ, ಆದರೆ ಇಕ್ಕಳದ ಗೀರು ಬಿದ್ದಲ್ಲಿ ಲೇಪ ಎದ್ದು ಮಚ್ಚೆ ಮಚ್ಚೆ ಕಾಣುತ್ತದೆ. 0.3ರ ಸುತ್ತು ತಂತಿಗೆ ಅದು ನಡೆಯುತ್ತದೆ, ಚೌಕಟ್ಟಿಗೆ ಬೇಡ.

ಕೊಡುವ ಪದಕ ಬೆಳ್ಳಿಯದಾಗಬೇಕು ಅಂತಿದ್ದರೆ 925 ಬೆಳ್ಳಿ ಕೇಳಿ. ನೂರರಲ್ಲಿ ತೊಂಬತ್ತೆರಡೂವರೆ ಪಾಲು ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಬೆಣ್ಣೆಯಂತೆ ಮೆತ್ತಗೆ, ಕೊಂಡಿ ದಿನಗಳೆದಂತೆ ಜಗ್ಗುತ್ತದೆ. ಬೆಳ್ಳಿಯನ್ನು ತೂಕದ ಮೇಲೆ ಮಾರುವುದರಿಂದ ಲೆಕ್ಕ ಮೊದಲೇ ಗೊತ್ತಿರಲಿ: 0.8 ಮಿ.ಮೀ. ತಂತಿ ಒಂದು ಮೀಟರಿಗೆ ಸುಮಾರು 5.2 ಗ್ರಾಂ ತೂಗುತ್ತದೆ, 0.3ರದ್ದು ಮುಕ್ಕಾಲು ಗ್ರಾಮಿಗೆ ಹತ್ತಿರ. ನಮಗೆ ಎರಡರಲ್ಲೂ ಒಂದೊಂದು ಮೀಟರ್ ಸಾಕು. ಅಂದರೆ ಆರು ಗ್ರಾಮಿನ ಬೆಳ್ಳಿ, ಅದರ ಮೇಲೆ ತಂತಿ ಎಳೆದ ಕೂಲಿ. ಬೆಂಗಳೂರಿನವರಿಗೆ ಅವೆನ್ಯೂ ರಸ್ತೆ, ರಾಜಾ ಮಾರ್ಕೆಟ್ ಕಡೆ ಬೆಳ್ಳಿ, ಮಣಿ, ಸಲಕರಣೆ ಒಟ್ಟಿಗೆ ಸಿಗುತ್ತವೆ. ಬೇರೆ ಊರಿನಲ್ಲಾದರೆ ಪರಿಚಯದ ಅಕ್ಕಸಾಲಿಗರನ್ನು, ಉತ್ತರ ಕರ್ನಾಟಕದಲ್ಲಾದರೆ ಪತ್ತಾರರನ್ನು ಕೇಳಿ. ಬೇಕಾದ ದಪ್ಪಕ್ಕೆ ತಂತಿ ಎಳೆದು, ಕಾಯಿಸಿ ಮೆತ್ತಗೆ ಮಾಡಿ ಕೊಡುತ್ತಾರೆ.

ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯೇ ಇಲ್ಲ, ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ನಿಕ್ಕಲ್ ಎಷ್ಟೋ ಜನರ ಕತ್ತಿಗೆ ಆಗುವುದಿಲ್ಲ, ತುರಿಕೆ ಬರುತ್ತದೆ. ಇಮಿಟೇಶನ್ ಸರ ಹಾಕಿದರೆ ಕತ್ತು ಕೆಂಪಾಗುತ್ತದೆ ಎಂದು ಅಕ್ಕ ಎಂದಾದರೂ ಅಂದಿದ್ದರೆ ನೆನಪಿಟ್ಟುಕೊಳ್ಳಿ.

ಸಲಕರಣೆ

ತುದಿ ದುಂಡಗಿರುವ ರೌಂಡ್ ನೋಸ್ ಪ್ಲೇಯರ್ ಒಂದು, ಒಳಮೈ ನುಣುಪಾದ ಚಪ್ಪಟೆ ನೋಸ್ ಪ್ಲೇಯರ್ ಒಂದು, ಚಿಕ್ಕ ಕಟರ್ ಒಂದು. ಮನೆಯ ನೋಸ್ ಪ್ಲೇಯರಿಗೆ ಹಲ್ಲು ಇರುತ್ತದೆ, ಅದು ತಂತಿಯ ಮೇಲೆ ಮೂಡುತ್ತದೆ. ಅದನ್ನೇ ಬಳಸುವುದಾದರೆ ಬಾಯಿಗೆ ಎರಡು ಸುತ್ತು ಬಟ್ಟೆಯ ಟೇಪು ಸುತ್ತಿ. ಜೊತೆಗೆ ಸ್ಕೇಲು, ಮಾರ್ಕರ್ ಪೆನ್ನು, ಪೇಂಟರುಗಳು ಬಳಸುವ ಕಾಗದದ ಟೇಪು, ಮೊಂಡು ತುದಿಯ ಸಣ್ಣ ಚಾಕು, 400 ಮತ್ತು 600 ನಂಬರಿನ ಎಮರಿ ಕಾಗದ, ಒಂದು ಪೆನ್ಸಿಲ್. ತಂತಿ ಕತ್ತರಿಸುವಾಗ ತುಣುಕು ಎಲ್ಲಿಗೆ ಹಾರುತ್ತದೋ ಹೇಳಲಾಗದು. ಕನ್ನಡಕ ಹಾಕಿಕೊಳ್ಳಿ, ತುಣುಕಿನ ಮೇಲೆ ಬೆರಳಿಟ್ಟು ಕತ್ತರಿಸಿ. ಮಕ್ಕಳು ಬರಿಗಾಲಲ್ಲಿ ಓಡಾಡುವ ಜಾಗವಾದರೆ ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಕೂರಿ.

ಕಟ್ಟುವ ಕೆಲಸ

1. ಅಳತೆ. ದಾರವನ್ನು ಕಲ್ಲಿನ ಅಂಚಿಗೆ ಒಂದು ಸುತ್ತು ಸುತ್ತಿ ಅಳೆಯಿರಿ. 30×22ರ ಅಂಡಾಕಾರಕ್ಕೆ ಸುಮಾರು 82 ಮಿ.ಮೀ. ಬರುತ್ತದೆ. ಎರಡೂ ಬದಿ ತಲಾ 9 ಸೆಂ.ಮೀ. ಸೇರಿಸಿದರೆ 26 ಸೆಂ.ಮೀ. ಅಷ್ಟುದ್ದದ ಮೂರು ತಂತಿ 0.8ರಲ್ಲಿ ಕತ್ತರಿಸಿ. ಬಟ್ಟೆಯ ನಡುವೆ ಹಿಡಿದು ಎರಡು ಸಲ ಎಳೆದರೆ ನೇರವಾಗುತ್ತವೆ. ಮತ್ತೆ ಮತ್ತೆ ಎಳೆಯಬೇಡಿ. ಎಳೆದಷ್ಟೂ, ಬಾಗಿಸಿದಷ್ಟೂ ಲೋಹ ಗಡಸಾಗುತ್ತದೆ, ಒಂದೇ ಜಾಗವನ್ನು ಹಿಂದೆ ಮುಂದೆ ಬಾಗಿಸುತ್ತಿದ್ದರೆ ಪಟ್ಟೆಂದು ಮುರಿಯುತ್ತದೆ.

2. ಕಟ್ಟು. ಮೂರು ತಂತಿಗಳನ್ನು ಒಂದರ ಪಕ್ಕ ಒಂದಿಟ್ಟು, ರಿಬ್ಬನ್ನಿನಂತೆ ಚಪ್ಪಟೆಯಾಗಿ, ಎರಡೂ ಕೊನೆಗೆ ಟೇಪು ಹಾಕಿ. ಮಧ್ಯಕ್ಕೆ, ಅಂದರೆ 13 ಸೆಂ.ಮೀ.ಗೆ ಗುರುತು. ಅಲ್ಲಿಂದ ಎಡಬಲಕ್ಕೆ 20 ಮಿ.ಮೀ. ದೂರದಲ್ಲಿ ಒಂದೊಂದು ಗುರುತು.

3. ಸುತ್ತು. 0.3ರ ತಂತಿಯಲ್ಲಿ ಗೇಣುದ್ದದ ತುಂಡು ತೆಗೆದು ಮಧ್ಯದ ಗುರುತಿನ ಮೇಲೆ ಒಂಬತ್ತು ಹತ್ತು ಸುತ್ತು ಸುತ್ತಿ. ಒಂದು ಸುತ್ತಿಗೆ ಸುಮಾರು 7 ಮಿ.ಮೀ. ತಂತಿ ಹೋಗುತ್ತದೆ. ಉಳಿದದ್ದು ಬೆರಳಿಗೆ ಹಿಡಿತ ಸಿಗಲೆಂದು. ಪ್ರತಿ ಸುತ್ತನ್ನೂ ಉಗುರಿನಿಂದ ಹಿಂದಿನ ಸುತ್ತಿಗೆ ಒತ್ತಿ ಕೂರಿಸಿ. ಎಡಬಲದ ಗುರುತುಗಳ ಮೇಲೆ ಐದೈದು ಸುತ್ತು ಸಾಕು. ಈ ಹಂತದಲ್ಲಿ ಮೂರು ತಂತಿ ಒಂದರ ಮೇಲೊಂದು ಹತ್ತಿದರೆ ಮುಂದಿನದೆಲ್ಲ ವ್ಯರ್ಥ. ಪ್ರತಿ ಎರಡು ಸುತ್ತಿಗೊಮ್ಮೆ ಚಪ್ಪಟೆ ಇಕ್ಕಳದಿಂದ ಮೆಲ್ಲಗೆ ಅದುಮಿ ಚಪ್ಪಟೆ ಮಾಡುತ್ತಿರಿ.

ಇಲ್ಲಿ ತುದಿಯ ಮೊದಲ ಪಾಠ. ಸುತ್ತಿನ ತುದಿಗಳು ಎರಡೂ ಕಟ್ಟಿನ ಒಳಮುಖದಲ್ಲೇ, ಅಂದರೆ ಕಲ್ಲಿಗೆ ತಾಗುವ ಕಡೆಯೇ ಕೊನೆಗೊಳ್ಳಬೇಕು. ಒಳಮುಖಕ್ಕೆ ತಂದು, ಕತ್ತರಿಸಿ, ಇಕ್ಕಳದಿಂದ ಅದುಮಿ. ಕಲ್ಲು ಕೂತ ಮೇಲೆ ಅವು ಹೊರಗೆ ಬರಲು ದಾರಿಯೇ ಇರುವುದಿಲ್ಲ.

4. ಬಾಗಿಸುವುದು. ಮಧ್ಯದ ಸುತ್ತನ್ನು ಕಲ್ಲಿನ ಕೆಳತುದಿಗೆ ಇಟ್ಟು, ರಿಬ್ಬನ್ನಿನ ಅಗಲ ಕಲ್ಲಿನ ದಪ್ಪದ ಕಡೆ ಬರುವಂತೆ ಹಿಡಿದು, ಹೆಬ್ಬೆರಳುಗಳಿಂದ ಎರಡೂ ಬದಿಯಲ್ಲಿ ಅಂಚಿಗೆ ತಾಗಿಸುತ್ತಾ ಮೇಲಕ್ಕೆ ಬನ್ನಿ. ಇಕ್ಕಳ ಬೇಡ, ಬೆರಳೇ ಸಾಕು. ಎಡಬಲದ ಸುತ್ತುಗಳು ಒಂದೇ ಎತ್ತರದಲ್ಲಿ ನಿಂತವೋ ನೋಡಿ. ಮೇಲೆ ಎರಡೂ ಕಡೆಯ ಕಟ್ಟುಗಳು ಕೂಡುವಲ್ಲಿ ಮಾರ್ಕರ್ ಹಾಕಿ, ಅಲ್ಲಿಂದ ಚಪ್ಪಟೆ ಇಕ್ಕಳದಲ್ಲಿ ಹಿಡಿದು ಎರಡನ್ನೂ ಮೇಲ್ಮುಖವಾಗಿ ನೆಟ್ಟಗೆ ನಿಲ್ಲಿಸಿ. ಈಗ ಮೂರು ಮೂರು ಸೇರಿ ಆರು ತಂತಿ ಜೋಡಿ ಕಂಬದ ಹಾಗೆ ಎದ್ದಿರಬೇಕು. ಅದೇ ಕುತ್ತಿಗೆ.

ಕಲ್ಲಿನ ಅಂಚು ತೀರಾ ದಪ್ಪವಾಗಿ ಗೋಡೆಯಂತೆ ನೆಟ್ಟಗಿದ್ದರೆ ಮೂರು ತಂತಿ ಸಾಲುವುದಿಲ್ಲ, ನಾಲ್ಕೋ ಐದೋ ಬೇಕು. ಮೂರು ತಂತಿಯ ಅಗಲ 2.4 ಮಿ.ಮೀ. ಮಾತ್ರ. ಗುಮ್ಮಟದ ಕಲ್ಲು ಅಂಚಿನಲ್ಲಿ ತೆಳುವಾಗಿರುವುದರಿಂದ ಅಷ್ಟು ಸಾಕಾಗುತ್ತದೆ.

5. ಹಿಂದಿನ ಹಿಡಿತ. ಕಲ್ಲನ್ನು ಪಕ್ಕಕ್ಕಿಡಿ. ಸುತ್ತು ಮತ್ತು ಸುತ್ತಿನ ನಡುವೆ ನಾಲ್ಕು ಖಾಲಿ ಜಾಗಗಳಿವೆ: ಕೆಳಗೆ ಎರಡು, ಮೇಲೆ ಎರಡು. ಪ್ರತಿ ಜಾಗದ ನಡುವೆ ಚಾಕುವಿನ ತುದಿಯನ್ನು ಹಿಂದಿನ ತಂತಿ ಮತ್ತು ನಡುವಿನ ತಂತಿಯ ಮಧ್ಯೆ ತೂರಿಸಿ, ಹಿಂದಿನದನ್ನು ಒಳಕ್ಕೆ 2–3 ಮಿ.ಮೀ. ತನ್ನಿ. ದುಂಡಗಿದ್ದ ತಂತಿ ಅಲ್ಲಿ ನೆಟ್ಟಗಾಗಿ ಕಲ್ಲಿನ ಬೆನ್ನಿಗೆ ಅಡ್ಡ ಬರುತ್ತದೆ. ಕಲ್ಲನ್ನು ಮುಂದಿನಿಂದ ಇಳಿಸಿ ನೋಡಿ, ಹಿಂದಕ್ಕೆ ಬೀಳಬಾರದು.

6. ಕುತ್ತಿಗೆ. ಕಲ್ಲನ್ನು ಒಳಗಿಟ್ಟು, ಅಡ್ಡಲಾಗಿ ಕಾಗದದ ಟೇಪು ಹಾಕಿ ಅಲುಗದಂತೆ ಮಾಡಿ. ಎದ್ದುನಿಂತ ಆರು ತಂತಿಗಳ ಬುಡಕ್ಕೆ 0.3ರ ತಂತಿ ಐದಾರು ಸುತ್ತು, ಬಲವಾಗಿ. ತುದಿ ಆರು ತಂತಿಗಳ ಸಂದಿಗೆ.

7. ಮುಂದಿನ ಹಿಡಿತ. ಟೇಪು ತೆಗೆದು, ಅದೇ ನಾಲ್ಕು ಜಾಗಗಳಲ್ಲಿ ಮುಂದಿನ ತಂತಿಯನ್ನು ಕಲ್ಲಿನ ಮೇಲಕ್ಕೆ ಬಾಗಿಸಿ. ಎದುರು ಬದುರು ಜಾಗಗಳನ್ನು ಜೋಡಿಯಾಗಿ ಮಾಡುತ್ತಾ ಹೋಗಿ: ಎಡಗಡೆಯ ಕೆಳಗಿನದು, ಆಮೇಲೆ ಬಲಗಡೆಯ ಮೇಲಿನದು. ಒಂದೇ ಕಡೆಯಿಂದ ಬಿಗಿಯುತ್ತ ಬಂದರೆ ಕಲ್ಲು ಓರೆಯಾಗುತ್ತದೆ. ಚಾಕು ಕಲ್ಲಿನ ಮೇಲೆ ಊರಬಾರದು, ತಂತಿಯನ್ನು ಎತ್ತಿ ತರಬೇಕು, ಆಮೇಲೆ ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕು.

ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಟಿಕ್ ಟಿಕ್ ಎಂದರೆ ಎಲ್ಲೋ ಸಡಿಲ ಇದೆ. ಆಗ ತಂತಿಯನ್ನು ಇನ್ನೂ ಒತ್ತಲು ಹೋಗಬೇಡಿ, ಕಲ್ಲಿನ ಅಂಚು ಒಡೆಯುವುದು ಆಗಲೇ. ಬಾಗಿ ಬಂದ ತಂತಿ ನೆಟ್ಟಗಾದಾಗ ಒಂದೊಂದೂವರೆ ಮಿ.ಮೀ. ಹೆಚ್ಚುವರಿ ಉಳಿಯುತ್ತದೆ, ಸಡಿಲ ಇರುವುದು ಅದರಲ್ಲಿ. ರೌಂಡ್ ನೋಸ್ ಪ್ಲೇಯರಿನ ತುದಿಯಿಂದ ಆ ತಂತಿಯ ನಡುವನ್ನು ಹಿಡಿದು, ಬೀಗದ ಕೈ ತಿರುಗಿಸಿದ ಹಾಗೆ ಒಂದಿಷ್ಟೇ ತಿರುವಿ. ಸಣ್ಣದೊಂದು ಅಲೆ ಮೂಡಿ ತಂತಿ ಬಿಗಿಯಾಗುತ್ತದೆ. ನಾಲ್ಕೂ ಕಡೆ ಒಂದೇ ಥರ ಅಲೆ ಹಾಕಿದರೆ ಅದೇ ಅಲಂಕಾರ ಅಂತ ನೋಡಿದವರು ತಿಳಿಯುತ್ತಾರೆ!

ಆರು ತುದಿಗಳ ಲೆಕ್ಕ

ಇಲ್ಲಿ ಆತುರ ಪಡಬೇಡಿ, ರಾತ್ರಿಯಾಗಿದ್ದರೆ ಬೆಳಿಗ್ಗೆಗೆ ಇಟ್ಟುಕೊಳ್ಳಿ.

ನಡುವಿನ ಎರಡು ತಂತಿ ಕೊಂಡಿಗೆ. ಎರಡನ್ನೂ ಅಕ್ಕಪಕ್ಕ ಹಿಡಿದು, ಕುತ್ತಿಗೆಯಿಂದ 3 ಮಿ.ಮೀ. ಮೇಲೆ ಪೆನ್ಸಿಲ್ ಅಡ್ಡ ಇಟ್ಟು, ಅದರ ಮೇಲಿಂದ ಹಿಂದಕ್ಕೆ ಮಡಚಿ ಕೆಳಗೆ ತನ್ನಿ. ಪೆನ್ಸಿಲ್ 7 ಮಿ.ಮೀ. ದಪ್ಪ, ಸಾಮಾನ್ಯ ಸರದ ಹುಕ್ಕು ತೂರಲು ಅಷ್ಟು ಬೇಕು. ಮಡಚಿದ ಎರಡು ಬಾಲಗಳೂ ಕುತ್ತಿಗೆಯ ಹಿಂಬದಿಗೆ ಒರಗಿ ನಿಲ್ಲಲಿ.

ಹಿಂದಿನ ಎರಡು ತಂತಿ ಈಗ ಆ ಬಾಲಗಳ ಮೇಲಿಂದ ಕುತ್ತಿಗೆಯನ್ನು ಸುತ್ತಬೇಕು, ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ, ಒಂದೊಂದೂ ಎರಡು ಎರಡೂವರೆ ಸುತ್ತು. ಮೊದಲು ಹಾಕಿದ 0.3ರ ಸುತ್ತು ಇವುಗಳ ಅಡಿ ಮುಚ್ಚಿಹೋಗುತ್ತದೆ. ಅವುಗಳ ತುದಿಯನ್ನು ಕುತ್ತಿಗೆಯ ಮುಂಭಾಗದಲ್ಲಿ, ಸುತ್ತುಗಳ ಸಂದಿಗೆ ತಳ್ಳಿ. ಹಿಂದೆ ನಿಲ್ಲಿಸಿದರೆ ಎದೆಗೆ ಚುಚ್ಚುತ್ತದೆ. ಈಗ ಕೊಂಡಿಯ ಬಾಲಗಳು ಸುತ್ತಿನ ಕೆಳಗಿನಿಂದ ಇಣುಕುತ್ತಿರುತ್ತವೆ. ಅವನ್ನು 4 ಮಿ.ಮೀ.ಗೆ ಕತ್ತರಿಸಿ, ಮೇಲಕ್ಕೆ ಮಡಚಿ, ಸುತ್ತಿನ ಮೇಲೆಯೇ ಅದುಮಿ. ಎಳೆದರೂ ಕೊಂಡಿ ಬಿಚ್ಚಿಕೊಳ್ಳುವುದಿಲ್ಲ. ಈ ಮಡಿಕೆ ಬಿಟ್ಟವರ ಪದಕ ಬಸ್ಸಿನ ನೂಕುನುಗ್ಗಲಿನಲ್ಲಿ ಕಳೆದುಹೋಗುತ್ತದೆ.

ಉಳಿದದ್ದು ಮುಂದಿನ ಎರಡು ತಂತಿ, ಕೈಚಳಕ ತೋರಿಸಲು ಇರುವ ಜಾಗ ಇದೊಂದೇ. ಒಂದನ್ನು ಕಲ್ಲಿನ ಮುಖದ ಮೇಲೆ ಮಾವಿನಕಾಯಿಯ ಬಾಗಿನಂತೆ ಓರೆಯಾಗಿ ಇಳಿಸಿ, ಎಡಬದಿಯ ಸುತ್ತಿನ ಪಕ್ಕದಲ್ಲಿ ಚೌಕಟ್ಟಿನ ಹೊರಗಿನಿಂದ ಹಿಂದಕ್ಕೆ ದಾಟಿಸಿ, ಹಿಂದಿನ ತಂತಿಯ ಅಡಿಗೆ ತೂರಿಸಿ ಅದುಮಿ. ಇದು ಕಲ್ಲಿಗೆ ಇನ್ನೊಂದು ಹಿಡಿತವೂ ಆಯಿತು. ಮತ್ತೊಂದನ್ನು ರೌಂಡ್ ನೋಸ್ ಪ್ಲೇಯರಿನಲ್ಲಿ ತುದಿಯಿಂದ ಸುರುಳಿ ಸುತ್ತುತ್ತಾ ಬಂದು, ಕುತ್ತಿಗೆಯ ಪಕ್ಕದಲ್ಲಿ ಕಲ್ಲಿನ ಭುಜದ ಮೇಲೆ ಒರಗಿಸಿ. ತುದಿ ಸುರುಳಿಯ ನಡುವೆ ಬಂಧಿ. ಇದಕ್ಕಿಂತ ಹೆಚ್ಚು ಬಳ್ಳಿ ಬರೆಯುವ ಆಸೆ ಆಗುತ್ತದೆ, ತಡೆದುಕೊಳ್ಳಿ. ಕಲ್ಲು ಕಾಣಲಿ.

ಈಗ ಪರೀಕ್ಷೆ. ಎಮರಿ ಕಾಗದದಿಂದ ಪ್ರತಿ ತುದಿಯನ್ನೂ ಎರಡೆರಡು ಸಲ ಸವರಿ, ಕಲ್ಲಿಗೆ ತಾಗದಂತೆ. ಆಮೇಲೆ ಹತ್ತಿಯ ಉಂಡೆಯನ್ನು ಪದಕದ ಹಿಂದೆ ಮುಂದೆ ಎಲ್ಲ ಕಡೆ ಎಳೆಯಿರಿ. ಎಳೆ ಸಿಕ್ಕಿಕೊಂಡ ಜಾಗದಲ್ಲಿ ತುದಿ ಇದೆ ಎಂದರ್ಥ, ಮತ್ತೆ ಅದುಮಿ, ಸವರಿ. ಹತ್ತಿ ಶುದ್ಧವಾಗಿ ಹೊರಬಂದ ಮೇಲೆ ಹಳೇ ರೇಷ್ಮೆ ಸೀರೆಯ ಚೂರಿನ ಮೇಲೆ ಉಜ್ಜಿ ನೋಡಿ. ಜರಿ ಎಳೆಯದಿದ್ದರೆ ಗೆದ್ದಂತೆ.

ಹೊಳಪು

ತಾಮ್ರವಾದರೆ ಹುಣಸೆಹಣ್ಣಿನ ನೀರಿಗೆ ಚಿಟಿಕೆ ಉಪ್ಪು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಕ್ಷಣ ತೊಳೆದು ಒರೆಸಿ. ಅಗೇಟ್ ಜಾತಿಯ ಕಲ್ಲಿಗೆ ಇದರಿಂದ ಏನೂ ಆಗುವುದಿಲ್ಲ. ಮುತ್ತು, ಹವಳ, ಟರ್ಕಾಯ್ಸ್ ಇದ್ದರೆ ಹುಳಿ ತೋರಿಸಲೇಬೇಡಿ. ಬೆಳ್ಳಿಯಾದರೆ ಅಂಟವಾಳದ ನೀರು, ಆಮೇಲೆ ಮನೆಯಲ್ಲಿರುವ ವಿಭೂತಿಯ ಪುಡಿಯನ್ನು ಮೆತ್ತನೆ ಬಟ್ಟೆಗೆ ತೆಗೆದು ಉಜ್ಜುವುದು. ದೇವರ ಸಾಮಾನು ಬೆಳಗುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಹಳೇ ಒಡವೆಯಂತೆ ಸಂದಿಗಳು ಕಪ್ಪಗಿರಲಿ ಎನ್ನುವವರಿಗೆ ಒಂದು ಉಪಾಯ: ಬೇಯಿಸಿದ ಮೊಟ್ಟೆಯನ್ನು ಬಿಸಿ ಇರುವಾಗಲೇ ಪುಡಿ ಮಾಡಿ, ಮುಚ್ಚಳದ ಡಬ್ಬಿಯಲ್ಲಿ ಪದಕಕ್ಕೆ ತಾಗದಂತೆ ಜೊತೆಗಿಟ್ಟು ಮುಚ್ಚಿ. ಮೊಟ್ಟೆಯ ಗಂಧಕದ ಅನಿಲ ಕೆಲವೇ ಗಂಟೆಗಳಲ್ಲಿ ಬೆಳ್ಳಿಯನ್ನೂ ತಾಮ್ರವನ್ನೂ ಕಪ್ಪಾಗಿಸುತ್ತದೆ. ಮೇಲ್ಮೈ ಉಜ್ಜಿದರೆ ಅಲ್ಲಿ ಹೊಳಪು ಮರಳುತ್ತದೆ, ಸಂದಿಯ ಕಪ್ಪು ಉಳಿಯುತ್ತದೆ. ಸಸ್ಯಾಹಾರಿ ಮನೆಯಲ್ಲಿ ಈ ಪ್ರಯೋಗಕ್ಕೆ ಜಾಗ ಸಿಗುವುದು ಕಷ್ಟ, ವಾಸನೆಗಂತೂ ಯಾರ ಮನೆಯಲ್ಲೂ ಸಿಗದು. ಏನೂ ಮಾಡದಿದ್ದರೂ ನಡೆಯುತ್ತದೆ, ಮಲೆನಾಡು ಕರಾವಳಿಯ ಒಂದು ಮಳೆಗಾಲ ಕಳೆದರೆ ಬೆಳ್ಳಿಯ ಬಣ್ಣ ತಾನಾಗಿಯೇ ಕಂದುತ್ತದೆ.

ಕೊಡುವ ಮುನ್ನ

ತಾಮ್ರದ ಪದಕ ಬೆವರಿಗೆ ಕತ್ತಿನ ಮೇಲೆ ಹಸಿರು ಕಲೆ ಬಿಡಬಹುದು. ಸೋಪಿನಲ್ಲಿ ತೊಳೆದರೆ ಹೋಗುತ್ತದೆ, ಆದರೆ ಮೊದಲೇ ಹೇಳಿಡದಿದ್ದರೆ ಅಕ್ಕ ಗಾಬರಿಯಾಗುತ್ತಾಳೆ. ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ತೆಳುವಾಗಿ ಸವರಬಹುದು, ಕೆಲವು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ. 22 ಕ್ಯಾರೆಟ್ಟಿನ ಚಿನ್ನದ ಸರಕ್ಕೆ ಇದನ್ನು ಪೋಣಿಸಿ ಕೊಡಬೇಡಿ. ಚಿನ್ನ ಮೆತ್ತಗೆ, ತಂತಿಯ ಕೊಂಡಿ ಉಜ್ಜುವ ಜಾಗ ವರ್ಷಗಳಲ್ಲಿ ಸವೆಯುತ್ತದೆ. ಬೆಳ್ಳಿಯ ತೆಳು ಸರವೋ ಮೇಣ ಹಚ್ಚಿದ ಹತ್ತಿಯ ದಾರವೋ ಜೊತೆಗಿರಲಿ. ದಾರ ಕಪ್ಪು ಬೇಡ ಎನ್ನುವ ಅಮ್ಮಂದಿರಿದ್ದಾರೆ, ದೃಷ್ಟಿಯ ದಾರ ಆಯಿತಲ್ಲ ಎನ್ನುತ್ತಾರೆ. ಕಂದು ಬಣ್ಣದ್ದು ತಂದರೆ ತಕರಾರಿಲ್ಲ.

ಡಬ್ಬಿಯೊಳಗೆ ಜಿಪ್ ಇರುವ ಪುಟ್ಟ ಪ್ಲಾಸ್ಟಿಕ್ ಚೀಲ, ಅದರಲ್ಲಿ ಪದಕದ ಜೊತೆ ಅರ್ಧ ಸೀಮೆಸುಣ್ಣ ಇಡಿ, ತೇವ ಹೀರಿಕೊಳ್ಳುತ್ತದೆ. ಚೀಟಿಯಲ್ಲಿ ನಾಲ್ಕೇ ಸಾಲು ಬರೆಯಿರಿ: ಸ್ನಾನಕ್ಕೆ ಮುಂಚೆ ತೆಗೆ, ಸೆಂಟು ಹಾಕಿಕೊಂಡಾದ ಮೇಲೆ ಧರಿಸು, ಮಲಗುವಾಗ ಬೇಡ, ಕಲ್ಲು ಅಲುಗಿದರೆ ನನಗೆ ಕೊಡು. ಕಲ್ಲಿನ ಹೆಸರೂ ಇರಲಿ. ಯಾರಾದರೂ ಕೇಳಿದಾಗ ಹೇಳಲು ಅವಳಿಗೆ ಬೇಕಾಗುತ್ತದೆ.

ಕತ್ತರಿಸಿ ಉಳಿದ ಬೆಳ್ಳಿಯ ತುಣುಕುಗಳನ್ನು ಗುಡಿಸಿ ಎಸೆಯಬೇಡಿ. ತಾಮ್ರದ್ದು ಬೆರೆಯದಂತೆ ಒಂದು ಡಬ್ಬಿಗೆ ಹಾಕಿಡುತ್ತಾ ಹೋಗಿ. ಮುಂದಿನ ಸಲ ತಂತಿ ಎಳೆಸುವಾಗ ಅಕ್ಕಸಾಲಿಗರು ಅದನ್ನು ತೂಗಿ ಲೆಕ್ಕಕ್ಕೆ ಹಿಡಿಯುತ್ತಾರೆ.